ಕೈಯಲ್ಲಿರುವ ಫೋನಿಗೆ ಒಡೆಯರು ಯಾರು? – ಆಂಡ್ರಾಯ್ಡ್ 'ರೂಟ್' ಅಧಿಕಾರದ ಒಂದು ಸಂಕ್ಷಿಪ್ತ ಚರಿತ್ರೆ

(ನಮ್ಮ ಕೂಟದ ಮಾಸಿಕ ಉಪನ್ಯಾಸಮಾಲೆಯಲ್ಲಿ ನೀಡಿದ ಭಾಷಣದ ಲಿಖಿತ ರೂಪ)



ವೈದ್ಯನೊಬ್ಬನನ್ನು ಉಪನ್ಯಾಸಕ್ಕೆ ಆಹ್ವಾನಿಸಿದರೆ ಆತ ರಕ್ತದೊತ್ತಡವನ್ನೋ ಸಕ್ಕರೆ ಕಾಯಿಲೆಯನ್ನೋ ಕುರಿತು ಮಾತನಾಡಿ, ಊಟದ ವೇಳೆಗೆ ಎಲ್ಲರ ತಟ್ಟೆಯ ಹೋಳಿಗೆಯ ಮೇಲೆ ಅನುಮಾನದ ನೆರಳು ಬೀಳುವಂತೆ ಮಾಡುವುದು ವಾಡಿಕೆ. ಇಂದು ತಮಗೆ ಆ ಭಯ ಬೇಡ. ನಾನು ಪ್ರಸ್ತಾಪಿಸಲಿರುವುದು ನಮ್ಮೆಲ್ಲರ ಜೇಬಿನಲ್ಲಿರುವ ಒಂದು ವಸ್ತುವಿನ ಚರಿತ್ರೆಯನ್ನು. ಕೂಟದ ತರುಣರೂ ಹಿರಿಯರೂ ನನ್ನನ್ನು ಆಗಾಗ ಕೇಳುವ ಪ್ರಶ್ನೆಯೊಂದಿದೆ: "ಡಾಕ್ಟರೇ, ಆಂಡ್ರಾಯ್ಡ್ ಫೋನನ್ನು ರೂಟ್ ಮಾಡಬೇಕು, ಆದರೆ ಒಳಗಿರುವ ಆ್ಯಪ್‌ಗಳಾಗಲಿ ಮಾಹಿತಿಯಾಗಲಿ ಅಳಿದುಹೋಗಬಾರದು. ಸಾಧ್ಯವೇ?" ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬ ಗಾದೆಯೇ ಈ ಪ್ರಶ್ನೆಯ ರೂಪ ತಾಳಿ ಬಂದಂತಿದೆ. ಹೌದು ಅಥವಾ ಇಲ್ಲ ಎಂಬ ಒಂದು ಮಾತಿನಲ್ಲಿ ಇದಕ್ಕೆ ಉತ್ತರ ಹೇಳಲಾಗದು. ರೋಗಿಯ ಪೂರ್ವಚರಿತ್ರೆಯನ್ನು ಕೇಳದೆ ಔಷಧ ಬರೆಯಬಾರದೆಂದು ನಮಗೆ ಎಂ.ಬಿ.ಬಿ.ಎಸ್. ತರಗತಿಯಲ್ಲಿಯೇ ಕಲಿಸಿದ್ದಾರೆ. ಇಲ್ಲಿಯೂ ಚರಿತ್ರೆಯಿಂದಲೇ ಆರಂಭಿಸುವುದು ಉಚಿತ.

'ರೂಟ್' ಎಂದರೆ ಬೇರು. ಈ ಪದ ಗಣಕಯಂತ್ರದ ಲೋಕಕ್ಕೆ ಬಂದದ್ದು ಯೂನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯಿಂದ. 1969ರಲ್ಲಿ ನ್ಯೂ ಜೆರ್ಸಿಯ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಇದಕ್ಕೆ ಅಸ್ತಿಭಾರ ಹಾಕಿದರು. ಅಂದಿನ ಯಂತ್ರಗಳು ದುಬಾರಿ. ಒಂದೇ ಯಂತ್ರವನ್ನು ಹಲವರು ಹಂಚಿಕೊಂಡು ಬಳಸಬೇಕಾಗಿತ್ತು. ಒಬ್ಬರ ಕಡತವನ್ನು ಇನ್ನೊಬ್ಬರು ತೆರೆಯದಂತೆ ಗೋಡೆಗಳು ಬೇಕಾದವು. ಹಾಗೆಯೇ ಆ ಗೋಡೆಗಳನ್ನು ಲೆಕ್ಕಿಸದೆ ಎಲ್ಲೆಡೆ ಓಡಾಡಬಲ್ಲ ಒಬ್ಬ ಮೇಲ್ವಿಚಾರಕನೂ ಬೇಕಾದ. ಕಡತಗಳೆಲ್ಲ ಒಂದು ಮರದಂತೆ ಕವಲೊಡೆದು ಬೆಳೆಯುವ ಆ ವ್ಯವಸ್ಥೆಯಲ್ಲಿ ಮರದ ಬುಡಕ್ಕೆ 'ರೂಟ್' ಎಂದು ಹೆಸರು. ಆ ಬುಡವನ್ನೇ ತನ್ನ ಮನೆಯಾಗಿ ಪಡೆದ ಬಳಕೆದಾರನಿಗೂ ಅದೇ ಹೆಸರು. ಆತನ ಗುರುತಿನ ಸಂಖ್ಯೆ ಸೊನ್ನೆ. ಅವಿಭಕ್ತ ಕುಟುಂಬದಲ್ಲಿ ಉಗ್ರಾಣದ ಬೀಗದ ಕೈಗೊಂಚಲು ಹಿರಿಯಜ್ಜಿಯ ಸೊಂಟದಲ್ಲಿ ಇರುತ್ತಿದ್ದುದನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ರೂಟ್ ಎಂದರೆ ಆ ಕೈಗೊಂಚಲು.

1971ರಲ್ಲಿ ಹೊರಬಂದ ಯೂನಿಕ್ಸ್‌ನ ಮೊದಲ ಕೈಪಿಡಿಯಲ್ಲಿಯೇ 'ಎಸ್‌ಯು' ಎಂಬ ಆದೇಶವಿತ್ತು. ಗುಪ್ತಪದ ಬಲ್ಲವರು ಅದರ ಮೂಲಕ ಸ್ವಲ್ಪ ಕಾಲ ಹಿರಿಯಜ್ಜಿಯ ಅಧಿಕಾರ ಪಡೆಯಬಹುದಾಗಿತ್ತು. ಕ್ರಮವಿಧಿಯೊಂದು ತನ್ನನ್ನು ಓಡಿಸುವವನ ಅಧಿಕಾರದಿಂದಲ್ಲ, ತನ್ನ ಒಡೆಯನ ಅಧಿಕಾರದಿಂದಲೇ ಕೆಲಸ ಮಾಡುವಂತೆ ಗುರುತು ಹಾಕುವ ಉಪಾಯವೊಂದನ್ನು ರಿಚಿ ಕಂಡುಹಿಡಿದರು. 1973ರಲ್ಲಿ ಅರ್ಜಿ ಸಲ್ಲಿಸಿದ ಅದರ ಪೇಟೆಂಟು 1979ರಲ್ಲಿ ದೊರೆಯಿತು. ಸುಮಾರು ನಾಲ್ಕು ದಶಕಗಳ ಬಳಿಕ ಜಗತ್ತಿನಾದ್ಯಂತ ಫೋನುಗಳನ್ನು ರೂಟ್ ಮಾಡಿದ ತರುಣರು ಬಳಸಿಕೊಂಡದ್ದು ಇದೇ ಹಳೆಯ ಉಪಾಯವನ್ನು ಮತ್ತು ಇದೇ ಎರಡಕ್ಷರದ ಆದೇಶವನ್ನು.

1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಯೂನಿಕ್ಸ್‌ನ ಮಾದರಿಯಲ್ಲಿಯೇ ಲಿನಕ್ಸ್ ತಿರುಳನ್ನು ಬರೆದರು. 2003ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಆಂಡ್ರಾಯ್ಡ್ ಎಂಬ ಸಣ್ಣ ಸಂಸ್ಥೆಯನ್ನು ಗೂಗಲ್ 2005ರಲ್ಲಿ ಕೊಂಡುಕೊಂಡಿತು. ಲಿನಕ್ಸ್ ತಿರುಳಿನ ಮೇಲೆ ಕಟ್ಟಿದ ಆ ವ್ಯವಸ್ಥೆಯನ್ನು ಹೊತ್ತ ಮೊದಲ ಫೋನು, ತೈವಾನಿನ ಎಚ್‌ಟಿಸಿ ತಯಾರಿಸಿದ ಟಿ-ಮೊಬೈಲ್ ಜಿ1, 2008ರ ಅಕ್ಟೋಬರ್ 22ರಂದು ಇದೇ ಅಮೆರಿಕದಲ್ಲಿ ಮಾರಾಟಕ್ಕೆ ಬಂದಿತು.

ಆಂಡ್ರಾಯ್ಡ್ ನಿರ್ಮಾಪಕರು ಒಂದು ಜಾಣತನ ಮಾಡಿದರು. ಫೋನನ್ನು ಬಳಸುವವರು ಸಾಮಾನ್ಯವಾಗಿ ಒಬ್ಬರೇ ಆದ್ದರಿಂದ, ಯೂನಿಕ್ಸ್‌ನಲ್ಲಿ ಮನುಷ್ಯರಿಗೆ ಕೊಡುತ್ತಿದ್ದ ಬಳಕೆದಾರರ ಸಂಖ್ಯೆಗಳನ್ನು ಇಲ್ಲಿ ಆ್ಯಪ್‌ಗಳಿಗೆ ಹಂಚಿದರು. ಪ್ರತಿಯೊಂದು ಆ್ಯಪ್ ತನ್ನದೇ ಕೋಣೆಯಲ್ಲಿ ವಾಸಿಸುವ ಬಾಡಿಗೆದಾರ. ಪಕ್ಕದ ಕೋಣೆಯನ್ನು ಇಣುಕುವಂತಿಲ್ಲ. ಬ್ಯಾಂಕಿನ ಆ್ಯಪ್‌ನಲ್ಲಿರುವುದನ್ನು ಆಟದ ಆ್ಯಪ್ ಓದಲಾರದು. ಒಳ್ಳೆಯದೇ ಆಯಿತು. ಆದರೆ ಹಣ ತೆತ್ತು ಫೋನು ಕೊಂಡ ಮನುಷ್ಯನ ಸ್ಥಾನ ಯಾವುದು? ಆತನಿಗೂ ರೂಟ್ ಕೈಗೊಂಚಲು ಸಿಗಲಿಲ್ಲ. ಮನೆ ನಮ್ಮದು, ಉಗ್ರಾಣದ ಕೈ ಮಾತ್ರ ತಯಾರಕರದು ಎಂಬ ವಿಚಿತ್ರ ಸ್ಥಿತಿ ಅಂದು ಆರಂಭವಾಯಿತು.

ಕೆಲವೇ ವಾರಗಳಲ್ಲಿ, ಅದೇ ವರ್ಷದ ನವೆಂಬರ್‌ನಲ್ಲಿ, ಒಂದು ಸ್ವಾರಸ್ಯಕರ ಸಂಗತಿ ಬೆಳಕಿಗೆ ಬಂದಿತು. ಜಿ1 ಫೋನಿನ ಗುಂಡಿಗಳ ಮೇಲೆ ಏನು ಟೈಪು ಮಾಡಿದರೂ ಆ ಅಕ್ಷರಗಳು ಕಣ್ಣಿಗೆ ಕಾಣದ ಒಂದು ರೂಟ್ ಕವಚಕ್ಕೂ ತಲುಪುತ್ತಿದ್ದವು. ಫೋನನ್ನು ಮತ್ತೆ ಚಾಲೂ ಮಾಡುವ 'ರೀಬೂಟ್' ಎಂಬ ಪದವನ್ನು ಹರಟೆಯ ನಡುವೆ ಟೈಪು ಮಾಡಿದರೆ ಸಾಕು, ಫೋನು ನಿಜವಾಗಿಯೂ ಆರಿ ಮತ್ತೆ ಹೊತ್ತಿಕೊಳ್ಳುತ್ತಿತ್ತು! ಈ ಲೋಪವನ್ನೇ ಬಳಸಿ ಉತ್ಸಾಹಿಗಳು ಸಂಪೂರ್ಣ ಅಧಿಕಾರ ಪಡೆದರು; ಗೂಗಲ್ ಬೇಗನೆ ಅದನ್ನು ಮುಚ್ಚಿತು. ಚರಿತ್ರೆಕಾರರ ದೃಷ್ಟಿಯಿಂದ ಇಲ್ಲಿ ಗಮನಿಸಬೇಕಾದುದು ಎರಡು. ಮೊದಲನೆಯದು, ಒಡೆಯನಿಗೆ ಕೈಗೊಂಚಲು ದೊರೆತದ್ದು ಹಕ್ಕಿನಿಂದಲ್ಲ, ಗೋಡೆಯ ಬಿರುಕಿನಿಂದ. ಎರಡನೆಯದು, ಬಿರುಕಿನಿಂದ ಒಳಹೊಕ್ಕಾಗ ಫೋನಿನಲ್ಲಿದ್ದ ಒಂದು ಚಿತ್ರವೂ ಅಳಿಯಲಿಲ್ಲ. 'ಮಾಹಿತಿ ಕಳೆಯದೆ ರೂಟ್ ಮಾಡುವುದು' ಆಗ ಸಹಜ ಸಂಗತಿಯಾಗಿತ್ತು.

ಇಷ್ಟೆಲ್ಲ ಸಾಹಸ ಏಕೆ ಎಂದು ಕೆಲವರು ಕೇಳಬಹುದು. ಅಂದಿನ ಕನ್ನಡಿಗನಿಗೆ ಅದಕ್ಕೆ ಬಲವಾದ ಕಾರಣವೊಂದಿತ್ತು. ಆರಂಭದ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಲಿಪಿಯೇ ಇರಲಿಲ್ಲ. ಊರಿನಿಂದ ಬಂದ ಕನ್ನಡ ಮಿಂಚಂಚೆಯನ್ನು ತೆರೆದರೆ ಸಾಲುಸಾಲು ಖಾಲಿ ಚೌಕಗಳು! ಒಪೇರಾ ಮಿನಿ ಎಂಬ ಬ್ರೌಸರ್ ಅಕ್ಷರಗಳನ್ನು ಚಿತ್ರರೂಪದಲ್ಲಿ ತರಿಸಿಕೊಂಡು ಕನ್ನಡವನ್ನು ತೋರಿಸಬಲ್ಲದಾಗಿತ್ತು. ಅನೇಕರು ಅದರಿಂದಲೇ ಕಾಲ ತಳ್ಳಿದರು. ಅಕ್ಷರವಿನ್ಯಾಸಗಳ ಕಡತಗಳಿರುವ ಕೋಣೆಗೆ ಹೊಸ ಕಡತ ಸೇರಿಸಲು ರೂಟ್ ಅಧಿಕಾರ ಬೇಕಾಗಿತ್ತು. ಆದುದರಿಂದ ಕನ್ನಡದ ಫಾಂಟನ್ನು ಫೋನಿಗೆ ಸೇರಿಸಲೆಂದೇ ರೂಟ್ ಮಾಡಿದವರಿದ್ದರು. ಅಷ್ಟು ಮಾಡಿದರೂ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುವ ವ್ಯವಸ್ಥೆ ಇಲ್ಲದಿದ್ದರೆ ಬರಹ ಚೆದುರಿ ಕಾಣುತ್ತಿತ್ತು. 2012ರಲ್ಲಿ ಬಂದ ಆಂಡ್ರಾಯ್ಡ್ 4.1ನೆಯ ಆವೃತ್ತಿಯಲ್ಲಿ ಕನ್ನಡ, ತೆಲುಗು, ಮಲಯಾಳಂ ಭಾಷೆಗಳಿಗೆ ಬೆಂಬಲ ದೊರೆತ ಮೇಲೆಯೇ ಈ ಪರದಾಟ ಕೊನೆಗಂಡದ್ದು. ತಾಯ್ನುಡಿಯನ್ನು ಓದಲು ತನ್ನದೇ ಫೋನಿನ ಬೀಗ ಒಡೆಯಬೇಕಾಗಿದ್ದ ಕಾಲವೊಂದಿತ್ತು ಎಂಬುದನ್ನು ನಮ್ಮ ಮಕ್ಕಳು ನಂಬಲಾರರು.

2010ರಿಂದ 2014ರವರೆಗಿನ ಅವಧಿಯನ್ನು ಬಿರುಕುಗಳ ಯುಗವೆಂದೇ ಕರೆಯಬಹುದು. 2010ರಲ್ಲಿ ಪ್ರಕಟವಾದ 'ರೇಜ್ ಎಗೆನ್ಸ್ಟ್ ದ ಕೇಜ್' ಎಂಬ ಉಪಾಯ ನನ್ನಂಥ ವೈದ್ಯನಿಗೆ ಬಹಳ ಹಿಡಿಸುವಂಥದ್ದು. ಫೋನಿಗೂ ಗಣಕಯಂತ್ರಕ್ಕೂ ನಡುವೆ ಮಾತುಕತೆ ನಡೆಸುವ ಸೇವಕನೊಬ್ಬನಿದ್ದಾನೆ. ಆತ ರೂಟ್ ಅಧಿಕಾರದಿಂದ ಎದ್ದು, ಅನಂತರ ಅದನ್ನು ಕೆಳಗಿಟ್ಟು ಕೆಲಸಕ್ಕೆ ಕೂರಬೇಕು. ಆದರೆ ಅಧಿಕಾರವನ್ನು ಇಳಿಸುವ ಕ್ರಿಯೆ ಯಶಸ್ವಿಯಾಯಿತೇ ಇಲ್ಲವೇ ಎಂದು ಆತ ಪರೀಕ್ಷಿಸುತ್ತಿರಲಿಲ್ಲ. ಫೋನನ್ನು ಅಸಂಖ್ಯ ಪ್ರಕ್ರಿಯೆಗಳಿಂದ ತುಂಬಿಸಿಬಿಟ್ಟರೆ ಆ ಕ್ರಿಯೆ ವಿಫಲವಾಗಿ, ಸೇವಕ ರೂಟ್ ಆಗಿಯೇ ಉಳಿಯುತ್ತಿದ್ದ. ಶಸ್ತ್ರಚಿಕಿತ್ಸೆಯ ಕೊನೆಯಲ್ಲಿ ಒಳಗಿಟ್ಟ ಬಟ್ಟೆಯ ತುಂಡುಗಳನ್ನು ಎಣಿಸದೆ ಹೊಟ್ಟೆ ಹೊಲಿದಂತೆ! 2014ರ ಜೂನ್‌ನಲ್ಲಿ ಜಾರ್ಜ್ ಹಾಟ್ಜ್ ಎಂಬ ತರುಣ ಲಿನಕ್ಸ್ ತಿರುಳಿನ ಒಂದು ದೋಷವನ್ನು ಬಳಸಿ 'ಟವೆಲ್‌ರೂಟ್' ಹೊರತಂದ. ಒಂದೇ ಗುಂಡಿ ಒತ್ತಿದರೆ ರೂಟ್. ಮಾಹಿತಿಯೆಲ್ಲ ಇದ್ದಲ್ಲಿಯೇ ಇರುತ್ತಿತ್ತು.

ಆದರೆ ಒಡೆಯನು ನುಸುಳಬಲ್ಲ ಬಿರುಕಿನಲ್ಲಿ ಕಳ್ಳನೂ ನುಸುಳಬಲ್ಲ. 2011ರ ಮಾರ್ಚ್‌ನಲ್ಲಿ ಗೂಗಲ್‌ನ ಆ್ಯಪ್ ಮಾರುಕಟ್ಟೆಯಲ್ಲಿಯೇ 50ಕ್ಕೂ ಹೆಚ್ಚು ಆ್ಯಪ್‌ಗಳು 'ಡ್ರಾಯ್ಡ್‌ಡ್ರೀಮ್' ಎಂಬ ಸೋಂಕನ್ನು ಹೊತ್ತಿದ್ದುದು ಪತ್ತೆಯಾಯಿತು. ಉತ್ಸಾಹಿಗಳು ಮುಕ್ತವಾಗಿ ಪ್ರಕಟಿಸಿದ್ದ ಅದೇ ಉಪಾಯಗಳನ್ನು ಬಳಸಿ ಅದು ಫೋನಿನ ರೂಟ್ ಅಧಿಕಾರವನ್ನು ಕಸಿಯುತ್ತಿತ್ತು. ಗೂಗಲ್ ಅವನ್ನು ಮಾರುಕಟ್ಟೆಯಿಂದ ತೆಗೆದುದಲ್ಲದೆ, ಜನರ ಫೋನುಗಳಿಂದಲೂ ದೂರದಿಂದಲೇ ಅಳಿಸಿತು. ಶಸ್ತ್ರವೈದ್ಯನ ಕತ್ತಿಯೂ ದರೋಡೆಕೋರನ ಕತ್ತಿಯೂ ಒಂದೇ ಕುಲುಮೆಯಲ್ಲಿ ತಯಾರಾಗುತ್ತವೆ. ಇದಾದ ಮೇಲೆ ಬಿರುಕುಗಳನ್ನು ಮುಚ್ಚುವುದಕ್ಕೆ ಯಾರೂ ಆಕ್ಷೇಪಿಸುವಂತಿರಲಿಲ್ಲ.

ಈ ನಡುವೆ ಕಾನೂನೂ ಒಂದು ಮಾತು ಹೇಳಿತು. ಡಿಜಿಟಲ್ ಬೀಗಗಳನ್ನು ಮುರಿಯುವುದನ್ನು ನಿಷೇಧಿಸುವ 1998ರ ಅಮೆರಿಕದ ಕಾಯಿದೆಗೆ, 2010ರ ಜುಲೈನಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ಒಂದು ವಿನಾಯಿತಿ ನೀಡಿತು: ತನ್ನ ಫೋನಿನಲ್ಲಿ ತನಗೆ ಬೇಕಾದ ನ್ಯಾಯಬದ್ಧ ತಂತ್ರಾಂಶವನ್ನು ಓಡಿಸಲು ಒಡೆಯನು ಆ ಬೀಗವನ್ನು ತೆರೆಯಬಹುದು. ಮೂರು ವರ್ಷಗಳಿಗೊಮ್ಮೆ ಮರುಪರಿಶೀಲನೆಯಾಗುವ ಈ ವಿನಾಯಿತಿ ಇಂದಿಗೂ ಮುಂದುವರಿದಿದೆ. ಆದರೆ ಕಾನೂನು ಕೊಟ್ಟದ್ದು ತೆರೆಯುವ ಅನುಮತಿಯನ್ನು. ತಯಾರಕರು ಬೀಗದ ಕೈ ಕೊಡಲೇಬೇಕೆಂದು ಅದು ಹೇಳಲಿಲ್ಲ.

ಕೆಲವು ತಯಾರಕರು ತಾವಾಗಿಯೇ ಬಾಗಿಲನ್ನಿಟ್ಟರು. 2010ರ ಜನವರಿಯಲ್ಲಿ ಬಂದ ಗೂಗಲ್‌ನ ನೆಕ್ಸಸ್ ಒನ್ ಫೋನಿನಲ್ಲಿ 'ಬೂಟ್‌ಲೋಡರ್' ಬೀಗವನ್ನು ಒಂದು ಆದೇಶದಿಂದ ಅಧಿಕೃತವಾಗಿ ತೆರೆಯಬಹುದಾಗಿತ್ತು. ಬೂಟ್‌ಲೋಡರ್ ಎಂದರೆ ಫೋನು ಎಚ್ಚರಗೊಳ್ಳುವಾಗ ಮೊಟ್ಟಮೊದಲು ಏಳುವ ಕಾವಲುಗಾರ. ಮುಂದೆ ಏಳುವ ವ್ಯವಸ್ಥೆ ಅಸಲಿಯೇ ಎಂದು ರುಜು ನೋಡಿ ಒಳಬಿಡುವವನು. ಗ್ರಾಹಕರ ಒತ್ತಾಯಕ್ಕೆ ಮಣಿದು ಎಚ್‌ಟಿಸಿಯೂ 2011ರಲ್ಲಿ ಇಂಥ ಬಾಗಿಲನ್ನು ತೆರೆಯಿತು.

ನಮ್ಮ ಮೂಲ ಪ್ರಶ್ನೆಯ ಗಂಟು ಇಲ್ಲಿಯೇ ಬೀಳುತ್ತದೆ. ಈ ಅಧಿಕೃತ ಬಾಗಿಲನ್ನು ತೆರೆದ ಕ್ಷಣದಲ್ಲಿ ಫೋನು ತನ್ನೊಳಗಿನ ಮಾಹಿತಿಯನ್ನೆಲ್ಲ ಅಳಿಸಿಬಿಡಬೇಕೆಂಬುದು ಆಂಡ್ರಾಯ್ಡ್‌ನ ನಿಯಮವಾಯಿತು. ಮೊದಲ ನೋಟಕ್ಕೆ ಇದು ಕ್ರೌರ್ಯವೆನಿಸಬಹುದು. ವಾಸ್ತವವಾಗಿ ಅದು ರಕ್ಷಣೆ. ತಾವು ರೈಲಿನಲ್ಲಿ ಫೋನನ್ನು ಮರೆತಿರೆಂದು ಭಾವಿಸೋಣ. ಅದನ್ನು ಎತ್ತಿಕೊಂಡವನು ಕಾವಲುಗಾರನನ್ನು ಬದಲಾಯಿಸಿ ಒಳಹೊಕ್ಕರೆ ತಮ್ಮ ಪತ್ರಗಳೂ ಚಿತ್ರಗಳೂ ಅವನ ಪಾಲು. ಅಳಿಸುವ ನಿಯಮವಿದ್ದರೆ ಅವನಿಗೆ ದಕ್ಕುವುದು ಬರಿಯ ಗಾಜು ಮತ್ತು ಲೋಹ. ಇಂದಿನ ಫೋನುಗಳಲ್ಲಿ ಮಾಹಿತಿಯೆಲ್ಲ ಗೂಢಲಿಪಿಯಲ್ಲಿರುತ್ತದೆ. ಬೀಗ ತೆರೆದಾಗ ಆ ಗೂಢಲಿಪಿಯ ಕೀಲಿಯೇ ನಾಶವಾಗುತ್ತದೆ. ಆದ್ದರಿಂದ ಆಮೇಲೆ ಎಂಥ ನಿಪುಣನ ಬಳಿ ಒಯ್ದರೂ ಮರಳಿ ಪಡೆಯುವ ಭರವಸೆ ಇಲ್ಲ.

ಹಾಗಾದರೆ ಮೊದಲೇ ಎಲ್ಲವನ್ನೂ ನಕಲು ಮಾಡಿಟ್ಟುಕೊಂಡರಾಯಿತಲ್ಲ ಎನ್ನಬಹುದು. ಅಲ್ಲಿಯೂ ಒಂದು ತೊಡಕಿದೆ. ಪ್ರತಿಯೊಂದು ಆ್ಯಪ್‌ನ ಖಾಸಗಿ ಕೋಣೆಯನ್ನು ಆ ಆ್ಯಪ್ ಬಿಟ್ಟರೆ ರೂಟ್ ಮಾತ್ರವೇ ತೆರೆಯಬಲ್ಲದು. ಬಹು ಜನಪ್ರಿಯವಾಗಿದ್ದ 'ಟೈಟೇನಿಯಂ ಬ್ಯಾಕಪ್' ಆ್ಯಪ್‌ಗಳನ್ನು ಅವುಗಳ ಮಾಹಿತಿಸಹಿತ ನಕಲು ಮಾಡುತ್ತಿತ್ತು, ನಿಜ. ಆದರೆ ಅದಕ್ಕೂ ರೂಟ್ ಬೇಕು. ನಕಲಿಗೆ ರೂಟ್ ಬೇಕು, ರೂಟಿಗೆ ಬೀಗ ತೆರೆಯಬೇಕು, ಬೀಗ ತೆರೆದರೆ ನಕಲು ಮಾಡಬೇಕಾದದ್ದೇ ಉಳಿಯುವುದಿಲ್ಲ. ಮದುವೆಯಾಗದ ಹೊರತು ಹುಚ್ಚು ಬಿಡದು, ಹುಚ್ಚು ಬಿಡದ ಹೊರತು ಮದುವೆಯಾಗದು ಎಂಬಂತಾಯಿತು. 2011ರ ಆಂಡ್ರಾಯ್ಡ್ 4.0ರಲ್ಲಿ ಗಣಕಯಂತ್ರದ ಮೂಲಕ ರೂಟ್ ಇಲ್ಲದೆಯೇ ನಕಲು ತೆಗೆಯುವ ಒಂದು ಆದೇಶ ಬಂದಿತು. ಆದರೆ ಯಾವ ಆ್ಯಪ್ ಬೇಕಾದರೂ ಅದನ್ನು ನಿರಾಕರಿಸಬಹುದಾಗಿತ್ತು. 2021ರ ಆಂಡ್ರಾಯ್ಡ್ 12ರಿಂದೀಚೆಗೆ ಹೊಸ ಆ್ಯಪ್‌ಗಳ ಮಟ್ಟಿಗೆ ಅದು ಬಹುಪಾಲು ನಿಷ್ಪ್ರಯೋಜಕವಾಗಿದೆ. 2015ರ ಆಂಡ್ರಾಯ್ಡ್ 6.0 ತಂದ ತಾನಾಗಿ ನಡೆಯುವ ನಕಲಿಗೂ ಪ್ರತಿ ಆ್ಯಪ್‌ಗೆ 25 ಮೆಗಾಬೈಟ್‌ಗಳ ಮಿತಿಯಿದೆ.

ಈ ಅವಧಿಯಲ್ಲಿ ಗೋಡೆಗಳೂ ದಪ್ಪವಾದವು. 2014ರ ಆಂಡ್ರಾಯ್ಡ್ 5.0ರಿಂದ ರೂಟ್ ಅಧಿಕಾರವಿದ್ದರೂ ಎಲ್ಲೆಡೆ ಓಡಾಡದಂತೆ ಕಟ್ಟುಪಾಡು ವಿಧಿಸುವ ವ್ಯವಸ್ಥೆ ಪೂರ್ಣವಾಗಿ ಜಾರಿಗೆ ಬಂದಿತು. 2016ರ ಆಂಡ್ರಾಯ್ಡ್ 7.0ರಿಂದ, ಬೀಗ ತೆರೆಯದ ಫೋನಿನ ವ್ಯವಸ್ಥೆಯ ಕಡತಗಳಲ್ಲಿ ಗಂಭೀರ ವ್ಯತ್ಯಾಸ ಕಂಡರೆ ಫೋನು ಮೇಲೇಳುವುದೇ ಇಲ್ಲವೆಂಬ ಕಟ್ಟುನಿಟ್ಟು ಬಂದಿತು. ಆಗ ರೂಟ್ ಪಂಥದವರು ದಾರಿ ಬದಲಿಸಿದರು. ವ್ಯವಸ್ಥೆಯ ಕಡತಗಳನ್ನು ಮುಟ್ಟದೆ, ಫೋನು ಏಳುವಾಗ ಓದುವ 'ಬೂಟ್' ಭಾಗವನ್ನು ಮಾತ್ರ ತಿದ್ದುವ ಕ್ರಮವನ್ನು 'ಚೈನ್‌ಫೈರ್' ಎಂಬ ಹೆಸರಿನ ನಿರ್ಮಾಪಕ 2015ರಲ್ಲಿ ರೂಪಿಸಿದರು. ತೈವಾನಿನ ವಿದ್ಯಾರ್ಥಿ ಜಾನ್ ವು 2016ರಲ್ಲಿ ಹೊರತಂದ 'ಮ್ಯಾಜಿಸ್ಕ್' ಅದನ್ನು ಇನ್ನಷ್ಟು ಬೆಳೆಸಿತು. 2021ರಲ್ಲಿ ಅದೇ ಜಾನ್ ವು ಗೂಗಲ್‌ನ ಆಂಡ್ರಾಯ್ಡ್ ಭದ್ರತಾ ತಂಡವನ್ನು ಸೇರಿದರು! ಕೋಟೆ ಹತ್ತಬಲ್ಲವನನ್ನೇ ಕೋಟೆಯ ಕಾವಲಿಗೆ ನೇಮಿಸಿಕೊಳ್ಳುವ ರಾಜನೀತಿ ಹಳೆಯದೇ.

ಈಗ ಪ್ರಶ್ನೆಗೆ ಉತ್ತರ ಹೇಳಬಹುದು. ಮ್ಯಾಜಿಸ್ಕ್‌ನ ಕ್ರಮದಲ್ಲಿ ರೂಟ್ ಮಾಡುವ ಕ್ರಿಯೆ ಮಾಹಿತಿಯನ್ನು ಅಳಿಸುವುದಿಲ್ಲ. ಅಳಿಸುವುದು ಅದಕ್ಕೆ ಪೂರ್ವಭಾವಿಯಾದ ಬೀಗ ತೆರೆಯುವ ಕ್ರಿಯೆ. ಈ ಎರಡನ್ನೂ ಜನ ಒಂದೆಂದು ಭಾವಿಸುವುದೇ ಗೊಂದಲದ ಮೂಲ. ಆದುದರಿಂದ ಫೋನಿನ ಬೀಗ ಈಗಾಗಲೇ ತೆರೆದಿದ್ದರೆ ಒಂದು ಚಿತ್ರವೂ ಕಳೆಯದೆ ರೂಟ್ ಮಾಡಬಹುದು. ತೆರೆದಿಲ್ಲದಿದ್ದರೆ ಒಮ್ಮೆ ಎಲ್ಲವೂ ಅಳಿಯುತ್ತದೆ; ಅದಕ್ಕೆ ಅಡ್ಡದಾರಿಯಿಲ್ಲ. ಮುಂದೆಂದಾದರೂ ರೂಟ್ ಮಾಡುವ ಆಸೆಯುಳ್ಳವರು ಹೊಸ ಫೋನು ಪೆಟ್ಟಿಗೆಯಿಂದ ಹೊರಬಂದ ದಿನ, ಅದು ಬರಿದಾಗಿರುವಾಗಲೇ, ಬೀಗ ತೆರೆದಿಡುವುದು ವಿವೇಕ. ಮತ್ತೆ ಬೀಗ ಹಾಕಿದರೂ ಮಾಹಿತಿ ಅಳಿಯುತ್ತದೆ ಎಂಬುದನ್ನು ಮರೆಯಬಾರದು.

ಶಸ್ತ್ರಚಿಕಿತ್ಸೆಗೆ ಮುನ್ನ ರಕ್ತದ ಗುಂಪು ನೋಡಿ, ಬೇಕಾದ ರಕ್ತವನ್ನು ಸಿದ್ಧವಾಗಿಟ್ಟುಕೊಂಡ ಮೇಲೆಯೇ ನಾವು ಕತ್ತಿ ಹಿಡಿಯುತ್ತೇವೆ. ಇಲ್ಲಿಯೂ ಅದೇ ಕ್ರಮ. ಮೊದಲು, ಆ ಮಾದರಿಯ ಫೋನಿನ ಬೀಗ ತೆರೆಯಲು ತಯಾರಕರ ಅನುಮತಿ ಇದೆಯೇ ಎಂದು ವಿಚಾರಿಸಬೇಕು. ಹುವಾವೇ ಸಂಸ್ಥೆ 2018ರಲ್ಲಿ ಆ ಸೌಲಭ್ಯವನ್ನೇ ನಿಲ್ಲಿಸಿತು. ಅಮೆರಿಕದ ದೂರವಾಣಿ ಸಂಸ್ಥೆಗಳು ಮಾರುವ ಹಲವು ಮಾದರಿಗಳಲ್ಲಿಯೂ ಅದಿಲ್ಲ. ಎರಡನೆಯದಾಗಿ, ಚಿತ್ರಗಳು, ಧ್ವನಿಮುದ್ರಿಕೆಗಳು, ಸಂದೇಶಗಳು, ವಿಳಾಸಗಳು ಎಲ್ಲವನ್ನೂ ಹೊರಗೆ ನಕಲು ಮಾಡಬೇಕು; ವಾಟ್ಸ್‌ಆ್ಯಪ್‌ನಂಥವುಗಳ ಸ್ವಂತ ನಕಲು ಸೌಲಭ್ಯವನ್ನು ಬಳಸಬೇಕು; ಬ್ಯಾಂಕು, ಮಿಂಚಂಚೆಗಳಿಗೆ ಪ್ರವೇಶಸಂಖ್ಯೆ ನೀಡುವ ಆ್ಯಪ್‌ಗಳನ್ನು ಇನ್ನೊಂದು ಫೋನಿಗೆ ವರ್ಗಾಯಿಸಬೇಕು. ಮೂರನೆಯದಾಗಿ, ಆ ನಕಲನ್ನು ಬೇರೊಂದು ಯಂತ್ರದಲ್ಲಿ ತೆರೆದು ನೋಡಬೇಕು. ತೆರೆದು ನೋಡದ ನಕಲು ನಕಲಲ್ಲ. 'ಟಿಡಬ್ಲ್ಯುಆರ್‌ಪಿ'ಯಂಥ ಸಾಧನಗಳು ತೆಗೆಯುವ 'ಸಂಪೂರ್ಣ' ನಕಲಿನಲ್ಲಿಯೂ ಒಳಸಂಗ್ರಹದ ಚಿತ್ರಗಳು ಸೇರಿರುವುದಿಲ್ಲ ಎಂಬುದು ಎಷ್ಟೋ ಜನರಿಗೆ ತಿಳಿಯದು. ನಾಲ್ಕನೆಯದಾಗಿ, ಬೀಗ ತೆರೆದು, ಫೋನಿನಲ್ಲಿರುವ ಆವೃತ್ತಿಗೇ ಸೇರಿದ ಬೂಟ್ ಕಡತವನ್ನು ಮಾತ್ರ ತಿದ್ದಿ ಅಳವಡಿಸಬೇಕು. ಬೇರೆ ಗುಂಪಿನ ರಕ್ತ ಕೊಟ್ಟರೆ ಏನಾಗುವುದೆಂದು ತಮಗೆ ಗೊತ್ತು. 'ಒಂದೇ ಒತ್ತಿಗೆ ರೂಟ್' ಎಂದು ಸಾರುವ ಅನಾಮಧೇಯ ಆ್ಯಪ್‌ಗಳು ನಾಡಬೀದಿಯ ನಕಲಿ ವೈದ್ಯರಿದ್ದಂತೆ, ದೂರವಿಡುವುದು ಲೇಸು.

ಇದರ ಬೆಲೆಯನ್ನೂ ಹೇಳಬೇಕು. ಅಂಗಾಂಗ ಕಸಿ ಮಾಡಿದಾಗ ದೇಹ ಹೊಸ ಅಂಗವನ್ನು ಒಪ್ಪಲೆಂದು ರೋಗನಿರೋಧಕ ಶಕ್ತಿಯನ್ನು ನಾವು ಬೇಕೆಂದೇ ಕುಗ್ಗಿಸುತ್ತೇವೆ. ಆಮೇಲೆ ಸಾಧಾರಣ ಸೋಂಕೂ ಅಪಾಯಕಾರಿ. ರೂಟ್ ಆದ ಫೋನಿನ ಸ್ಥಿತಿಯೂ ಹಾಗೆಯೇ. ಗೂಗಲ್‌ನ ಪರೀಕ್ಷೆಯಲ್ಲಿ ಅದು ತೇರ್ಗಡೆಯಾಗದಿರಬಹುದು. ಭಾರತದ ಅನೇಕ ಬ್ಯಾಂಕುಗಳ ಆ್ಯಪ್‌ಗಳು ಅದರಲ್ಲಿ ಕೆಲಸ ಮಾಡಲು ಒಪ್ಪುವುದಿಲ್ಲ. ಊರಿನ ಖಾತೆಗಳನ್ನು ಇಲ್ಲಿಂದಲೇ ನೋಡಿಕೊಳ್ಳುವ ನಮಗೆ ಇದು ಸಣ್ಣ ಸಂಗತಿಯಲ್ಲ. 2013ರಿಂದೀಚೆಗೆ ಸ್ಯಾಮ್‌ಸಂಗ್ ಫೋನುಗಳಲ್ಲಿ, ಅನಧಿಕೃತ ವ್ಯವಸ್ಥೆ ಹೊಕ್ಕ ಕೂಡಲೇ ಸುಟ್ಟುಹೋಗುವ ಒಂದು ಸೂಕ್ಷ್ಮ ಫ್ಯೂಸ್ ಇರುತ್ತದೆ; ಅದನ್ನು ಮತ್ತೆ ಸರಿಪಡಿಸಲಾಗದು.

ಪರಿಚಿತರೊಬ್ಬರು ತಮ್ಮ ಹಳೆಯ ಫೋನನ್ನು ರೂಟ್ ಮಾಡಬೇಕೆಂದಿದ್ದರು. ಕಾರಣ ವಿಚಾರಿಸಿದಾಗ, ತಯಾರಕರು ತುಂಬಿಸಿದ್ದ ಬೇಡದ ಆ್ಯಪ್‌ಗಳನ್ನು ತೆಗೆಯುವುದಷ್ಟೇ ಅವರ ಉದ್ದೇಶವೆಂದು ತಿಳಿಯಿತು. ಆ ಫೋನಿನಲ್ಲಿಯೇ ಅವರ ದಿವಂಗತ ತಂದೆಯವರ ಧ್ವನಿಸಂದೇಶಗಳಿದ್ದವು; ಬೇರೆಲ್ಲಿಯೂ ಅವುಗಳ ಪ್ರತಿ ಇರಲಿಲ್ಲ. ಬೇಡದ ಆ್ಯಪ್‌ಗಳನ್ನು ರೂಟ್ ಇಲ್ಲದೆಯೇ, ಗಣಕಯಂತ್ರದಿಂದ ಕೊಡುವ ಒಂದು ಸಾಧಾರಣ ಆದೇಶದಿಂದ, ಬಳಕೆಯಿಂದ ತೆಗೆಯಬಹುದಾಗಿತ್ತು. ಅಷ್ಟೇ ಮಾಡಲಾಯಿತು. ಅದಕ್ಕೂ ಮೊದಲು ತಂದೆಯ ಧ್ವನಿ ಮೂರು ಕಡೆ ನಕಲಾಯಿತು. ನೆಗಡಿ ಬಂದುದಕ್ಕೆ ಮೂಗು ಕೊಯ್ದುಕೊಳ್ಳುವ ಅಗತ್ಯ ಎಲ್ಲ ಸಂದರ್ಭಗಳಲ್ಲಿಯೂ ಇರುವುದಿಲ್ಲ.

ಬಂಧುಗಳೆ, ದೇವರಾಜ ಅರಸರ ಕಾಲದಲ್ಲಿ, 1974ರ ಭೂಸುಧಾರಣೆಯೊಂದಿಗೆ, ಉಳುವವನೇ ಹೊಲದ ಒಡೆಯ ಎಂಬ ಮಾತು ನಮ್ಮ ನಾಡಿನಲ್ಲಿ ಮನೆಮಾತಾಯಿತು. ಬಳಸುವವನೇ ಫೋನಿನ ಒಡೆಯನಾಗಬೇಕೆಂಬ ರೂಟ್ ಪಂಥದವರ ಬೇಡಿಕೆಯ ಹಿಂದೆಯೂ ಅದೇ ನ್ಯಾಯದ ಎಳೆಯೊಂದಿದೆ. ಅದನ್ನು ನಾನು ಗೌರವಿಸುತ್ತೇನೆ. ಆದರೆ ಪಹಣಿ ಕೈಗೆ ಬಂದ ದಿನದಿಂದ ಬದುವನ್ನು ಕಾಯುವ ಹೊಣೆಯೂ ರೈತನದೇ ಆಗುತ್ತದೆ. ಕೈಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಮೊದಲು ಉಗ್ರಾಣದಲ್ಲಿ ಏನೇನಿದೆ ಎಂದು ಒಮ್ಮೆ ಎಣಿಸಿ ನೋಡಿ. ಆ್ಯಪ್‌ಗಳನ್ನು ಮತ್ತೆ ಹಾಕಿಕೊಳ್ಳಬಹುದು; ಫೋನನ್ನೂ ಮತ್ತೆ ಕೊಳ್ಳಬಹುದು. ಸಾವಿರಾರು ಮೈಲಿ ದೂರದಿಂದ "ಊಟ ಆಯ್ತಾ ಮಗಾ?" ಎಂದು ಕೇಳಿದ ಧ್ವನಿಗೆ ಎರಡನೆಯ ಪ್ರತಿ ಇಲ್ಲದಿದ್ದರೆ, ಇಂದು ರಾತ್ರಿ ಮನೆಗೆ ಹೋದ ಕೂಡಲೇ ಮಾಡಿಟ್ಟುಕೊಳ್ಳಿ.